ವಿದ್ಯಾರ್ಥಿಗಳ ಅನಿಮೇಷನ್ ಕಿರುಚಿತ್ರ: ಕಾನ್ ಉತ್ಸವದಿಂದ ಶಿಗ್ಗಾಂವದವರೆಗೆ

ಸಿನಿಮಾ ಮತ್ತು ವಿನ್ಯಾಸ ಶಾಲೆಗಳ ವಿದ್ಯಾರ್ಥಿಗಳು ವ್ಯಾಸಂಗದ ಕೊನೆಯ ಹಂತದಲ್ಲಿ ತಯಾರಿಸುವ ಅನಿಮೇಷನ್ ಕಿರುಚಿತ್ರಗಳಿಗೆ ವಾಣಿಜ್ಯ ಚಿತ್ರಮಂದಿರಗಳಲ್ಲಿ ಜಾಗ ಸಿಗುವುದು ತೀರ ವಿರಳ. ಕೆಲವೇ ನಿಮಿಷಗಳ ಚಿತ್ರವೊಂದನ್ನು ಟಿಕೆಟ್ ಇಟ್ಟು ತೋರಿಸುವ ಪದ್ಧತಿ ಬೆಳೆದಿಲ್ಲವಾದ್ದರಿಂದ, ಅವು ತರಗತಿಯನ್ನು ದಾಟಿ ದೊಡ್ಡ ತೆರೆಯ ಮೇಲೆ ಅಪರಿಚಿತ ಪ್ರೇಕ್ಷಕರ ಎದುರಿಗೆ ಬರುವುದು ಬಹುಮಟ್ಟಿಗೆ ಚಿತ್ರೋತ್ಸವಗಳಲ್ಲಿಯೇ. ಒಂದೊಂದೇ ಚಿತ್ರಕ್ಕೆ ಪ್ರದರ್ಶನ ಏರ್ಪಡಿಸುವುದು ಕಷ್ಟವಾಗುವುದರಿಂದ ಉತ್ಸವಗಳು ಹಲವು ಕಿರುಚಿತ್ರಗಳನ್ನು ಆಯ್ದು, ವಸ್ತು ಮತ್ತು ಲಯಗಳನ್ನು ನೋಡಿ ಕ್ರಮವಾಗಿ ಜೋಡಿಸಿ, ಒಂದೇ ಕೂರುವಿಕೆಯಲ್ಲಿ ನೋಡಬಹುದಾದ ಗುಚ್ಛವನ್ನಾಗಿ ತೋರಿಸುತ್ತವೆ.

ಅನಿಮೇಷನ್ ಎಂದರೆ ನಿಶ್ಚಲ ಚಿತ್ರಗಳನ್ನು ಅಥವಾ ವಸ್ತುಗಳನ್ನು ಒಂದೊಂದು ಚೌಕಟ್ಟಿನಲ್ಲಿಯೂ ತುಸುವೇ ಬದಲಿಸಿ ಸೆರೆಹಿಡಿದು, ವೇಗವಾಗಿ ತೋರಿಸಿದಾಗ ಅವು ಚಲಿಸಿದಂತೆ ಕಾಣಿಸುವ ಕಲೆ. ಚಲನಚಿತ್ರವು ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ಒಂದು ರೇಖಾಚಿತ್ರವನ್ನು ಎರಡು ಚೌಕಟ್ಟುಗಳಿಗೆ ಬಳಸುವ ರೂಢಿಯನ್ನು ಅನುಸರಿಸಿದರೂ ಎಂಟು ನಿಮಿಷದ ಚಿತ್ರಕ್ಕೆ 5,760 ರೇಖಾಚಿತ್ರಗಳು ಬೇಕಾಗುತ್ತವೆ. ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ, ಹಾಳೆಗಳು ಜರುಗದಂತೆ ಅವುಗಳ ಅಂಚಿನ ತೂತುಗಳನ್ನು ಗೂಟಗಳಿಗೆ ಸಿಕ್ಕಿಸಿ, ಹಿಂದಿನ ಹಾಳೆಯ ಗೆರೆಯನ್ನು ನೋಡುತ್ತ ಮುಂದಿನದನ್ನು ಬರೆಯುವುದು ಇದರ ಹಳೆಯ ವಿಧಾನ. ಇಂದು ಈ ಕೆಲಸ ಹೆಚ್ಚಾಗಿ ಕಂಪ್ಯೂಟರಿನಲ್ಲಿ ನಡೆಯುತ್ತಿದ್ದರೂ ಪ್ರತಿ ಚಲನೆಯನ್ನೂ ಬಿಡಿಸಿ ಯೋಚಿಸುವ ಶ್ರಮ ಕಡಿಮೆಯಾಗಿಲ್ಲ. ಆಕೃತಿಗಳನ್ನು ಕತ್ತರಿಸಿ, ಕೀಲು ಜೋಡಿಸಿ, ಅಷ್ಟಷ್ಟೇ ಸರಿಸುತ್ತ ಚಿತ್ರೀಕರಿಸುವುದು ಇನ್ನೊಂದು ವಿಧಾನ. ಜರ್ಮನಿಯ ಲೊಟ್ಟೆ ರೈನಿಗರ್ 1926ರ ‘ದಿ ಅಡ್ವೆಂಚರ್ಸ್ ಆಫ್ ಪ್ರಿನ್ಸ್ ಅಹ್ಮದ್’ ಚಿತ್ರವನ್ನು ಹೀಗೆ ಛಾಯಾಕೃತಿಗಳಿಂದಲೇ ರೂಪಿಸಿದರು. ಬೆಳಕಿನ ಮುಂದೆ ಕೀಲುಳ್ಳ ಆಕೃತಿಗಳನ್ನು ಆಡಿಸುವ ತೊಗಲುಗೊಂಬೆಯಾಟವನ್ನು ಬಲ್ಲ ಕನ್ನಡಿಗರಿಗೆ ಈ ವಿಧಾನದ ಮೂಲತತ್ತ್ವ ಹೊಸದೆನಿಸಲಾರದು.

ಇಂಥ ಚಿತ್ರಗಳಿಗೆ ಮೀಸಲಾದ ಉತ್ಸವಗಳಲ್ಲಿ ಫ್ರಾನ್ಸಿನ ಆನ್ಸಿ ಪಟ್ಟಣದಲ್ಲಿ 1960ರಲ್ಲಿ ಆರಂಭವಾದದ್ದು ಪ್ರಮುಖವಾದುದು. ಪದವಿಯ ಅಂಗವಾಗಿ ತಯಾರಾದ ಚಿತ್ರಗಳಿಗೆ ಅಲ್ಲಿ ಪ್ರತ್ಯೇಕ ಸ್ಪರ್ಧೆಯಿದೆ. ಭಾರತದಲ್ಲಿ 1990ರಲ್ಲಿ ಶುರುವಾದ ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವವು ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳ ಜೊತೆಯಲ್ಲಿ ಅನಿಮೇಷನ್ ಚಿತ್ರಗಳನ್ನೂ ತೋರಿಸುತ್ತ ಬಂದಿದೆ. ಕಾನ್ ಚಿತ್ರೋತ್ಸವವು 1998ರಲ್ಲಿ ಸಿನೆಫೊಂದಾಸಿಯೊಂ ಎಂಬ ಹೆಸರಿನಲ್ಲಿ ಆರಂಭಿಸಿದ, ಈಗ ಲಾ ಸಿನೆಫ್ ಎಂದು ಕರೆಯಲಾಗುವ ವಿಭಾಗವಂತೂ ಜಗತ್ತಿನ ಸಿನಿಮಾ ಶಾಲೆಗಳ ವಿದ್ಯಾರ್ಥಿಗಳಿಗೆಂದೇ ಇರುವಂಥದು. ಅಲ್ಲಿ ನಟರಿರುವ ಚಿತ್ರಗಳೂ ಅನಿಮೇಷನ್ ಚಿತ್ರಗಳೂ ಒಂದೇ ಸಾಲಿನಲ್ಲಿ ಕೂತು ಸ್ಪರ್ಧಿಸುತ್ತವೆ.

ಆ ಸಮಾನತೆಯ ಅರ್ಥ 2024ರ ಫಲಿತಾಂಶದಲ್ಲಿ ಸ್ಪಷ್ಟವಾಯಿತು. ಆ ವರ್ಷದ ಮೊದಲ ಬಹುಮಾನ ಪುಣೆಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯ ವಿದ್ಯಾರ್ಥಿ, ಮೈಸೂರಿನ ಚಿದಾನಂದ ನಾಯ್ಕ್ ಅವರ ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’ ಎಂಬ ಕನ್ನಡ ಕಿರುಚಿತ್ರಕ್ಕೆ ಸಂದಿತು. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ದ ಮೇಲೆ ಬೆಳಗೇ ಆಗದೆ ಹೋಗುವ ಜನಪದ ಕಥೆಯೇ ಅದರ ಆಧಾರ. ಮೂರನೆಯ ಬಹುಮಾನ ಬ್ರಿಟನ್ನಿನ ನ್ಯಾಷನಲ್ ಫಿಲ್ಮ್ ಅಂಡ್ ಟೆಲಿವಿಷನ್ ಸ್ಕೂಲ್‌ನಲ್ಲಿ ಕಲಿತ, ಮೀರತ್ ಮೂಲದ ಮಾನ್ಸಿ ಮಾಹೇಶ್ವರಿ ಅವರ ಅನಿಮೇಷನ್ ಚಿತ್ರ ‘ಬನ್ನಿಹುಡ್’ಗೆ ದೊರೆಯಿತು. ಶಸ್ತ್ರಚಿಕಿತ್ಸೆಯನ್ನು ಎದುರಿಸಬೇಕಾದ ಹುಡುಗಿ ಮತ್ತು ಅವಳಿಗೆ ಸುಳ್ಳು ಹೇಳುವ ತಾಯಿ ಅದರ ವಸ್ತು. ಅಜ್ಜಿಯರ ಬಾಯಲ್ಲಿ ಉಳಿದ ಕಥೆಯೊಂದು ಜಗತ್ತಿನ ದೊಡ್ಡ ತೆರೆಗೆ ಸಲ್ಲುತ್ತದೆ ಎಂಬುದನ್ನು ಮೊದಲ ಚಿತ್ರವೂ, ಮಗುವಿನ ಒಳಗಿನ ಭಯಕ್ಕೆ ರೇಖೆಗಳು ಆಕಾರ ಕೊಡಬಲ್ಲವು ಎಂಬುದನ್ನು ಎರಡನೆಯದೂ ತೋರಿಸಿಕೊಟ್ಟವು.

ಈ ಎರಡು ಪಾಠಗಳನ್ನು ಕೂಡಿಸಿ ನೋಡಬೇಕಾದ ಸ್ಥಳಗಳಲ್ಲಿ ಹಾವೇರಿ ಜಿಲ್ಲೆಯ ಶಿಗ್ಗಾಂವ ತಾಲೂಕು ಮುಖ್ಯವಾದುದು. ಇಲ್ಲಿನ ಬಾಡ ಗ್ರಾಮದಲ್ಲಿ ಹುಟ್ಟಿದ ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತವೂ ರಾಗಿಯೂ ತಮ್ಮಲ್ಲಿ ಯಾರು ಮೇಲು ಎಂದು ವಾದಕ್ಕಿಳಿದು, ಆರು ತಿಂಗಳ ಸೆರೆವಾಸದ ನಂತರ ರಾಮನಿಂದ ತೀರ್ಪು ಪಡೆಯುತ್ತವೆ. ಇದೇ ತಾಲೂಕಿನ ಶಿಶುನಾಳದ ಷರೀಫರ (1819–1889) ತತ್ತ್ವಪದಗಳಲ್ಲಿ ಚಿಕ್ಕದು ದೊಡ್ಡದನ್ನು ನುಂಗುವ, ಲೋಕದ ನಿಯಮ ತಲೆಕೆಳಗಾಗುವ ಚಿತ್ರಗಳಿವೆ. ಕಾಳು ಮಾತನಾಡುವುದನ್ನು, ಒಂದು ಜೀವ ಇನ್ನೊಂದರೊಳಗೆ ಸೇರಿಹೋಗುವುದನ್ನು ನಟರಿಂದ ಆಡಿಸುವುದು ಕಷ್ಟ. ರೂಪವು ರೂಪಾಂತರ ಹೊಂದುವುದನ್ನೇ ತನ್ನ ಸಹಜ ವ್ಯಾಕರಣವಾಗಿಸಿಕೊಂಡ ಅನಿಮೇಷನ್‌ಗೆ ಅದು ಸಲೀಸು. ಇಂಥ ಮೌಖಿಕ ಸಂಪತ್ತಿನ ಅಧ್ಯಯನಕ್ಕೆಂದೇ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೇ ತಾಲೂಕಿನ ಗೊಟಗೋಡಿಯಲ್ಲಿದೆ.

ಅನಿಮೇಷನ್, ದೃಶ್ಯಪರಿಣಾಮ, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಗಳಿಗೆ ಪ್ರತ್ಯೇಕ ನೀತಿಯನ್ನು 2012ರಲ್ಲಿಯೇ ರೂಪಿಸಿ ಕರ್ನಾಟಕವು ದೇಶದಲ್ಲಿ ಮೊದಲ ರಾಜ್ಯವಾಯಿತು. ಆದರೆ ಈ ಕಲೆಯ ಶಾಲೆ, ಸ್ಟುಡಿಯೊ ಮತ್ತು ಪ್ರದರ್ಶನಗಳು ಬಹುಪಾಲು ಬೆಂಗಳೂರಿನ ಸುತ್ತಲೇ ನೆಲೆಗೊಂಡಿರುವುದರಿಂದ, ಕಥೆಗಳಿರುವ ಊರಿನ ಮಕ್ಕಳು ಅಂಥ ಚಿತ್ರಗಳನ್ನು ದೊಡ್ಡ ತೆರೆಯಲ್ಲಿ ನೋಡುವ ಅವಕಾಶದಿಂದ ದೂರವೇ ಉಳಿದಿದ್ದಾರೆ. ವಿದ್ಯಾರ್ಥಿಗಳ ಚಿತ್ರಗುಚ್ಛವೊಂದನ್ನು ತಾಲೂಕು ಕೇಂದ್ರದ ಕಾಲೇಜಿನಲ್ಲಿ ತೋರಿಸಲು ಪ್ರೊಜೆಕ್ಟರು, ಕತ್ತಲಾಗಿಸಬಹುದಾದ ಕೋಣೆ ಮತ್ತು ನಿರ್ಮಾಪಕರ ಅನುಮತಿ ಇದ್ದರೆ ಸಾಕು. ಜಾನಪದ ಸಂಗ್ರಾಹಕರೂ ಅನಿಮೇಷನ್ ಕಲಿಯುವವರೂ ಅಂಥ ಪ್ರದರ್ಶನಗಳಲ್ಲಿ ಎದುರುಬದುರು ಕೂತು ಮಾತನಾಡಿದರೆ, ಮುಂದಿನ ಚಿತ್ರಕ್ಕೆ ವಸ್ತುವನ್ನು ಹುಡುಕಿಕೊಂಡು ವಿದ್ಯಾರ್ಥಿಗಳು ದೂರ ಹೋಗಬೇಕಾಗುವುದಿಲ್ಲ, ಗ್ರಂಥಭಂಡಾರ ಸೇರಿದ ಕಥೆಗಳಿಗೂ ಹೊಸ ಪ್ರೇಕ್ಷಕರು ದೊರೆಯುತ್ತಾರೆ.