ಅಂತರಜಾಲದಲ್ಲಿ ರಾಜ್ಯದ ಗೂಢವೀಕ್ಷಣೆ ಮತ್ತು ನಾಗರಿಕನ ಖಾಸಗಿತನ

ಪ್ರಾಚೀನ ರಾಜನೀತಿಶಾಸ್ತ್ರವು ಅರಸನನ್ನು ‘ಚಾರಚಕ್ಷು’ ಎಂದು ಕರೆಯಿತು. ಚಾರರೇ ಅವನ ಕಣ್ಣುಗಳು. ಕೌಟಿಲ್ಯನ ಅರ್ಥಶಾಸ್ತ್ರದ ಪ್ರಥಮಾಧಿಕರಣದಲ್ಲಿ ಕಾಪಟಿಕ, ಉದಾಸ್ಥಿತ, ಗೃಹಪತಿಕ, ವೈದೇಹಕ, ತಾಪಸ ಮೊದಲಾದ ಗೂಢಪುರುಷರ ವೇಷಗಳೂ ಕಾರ್ಯಗಳೂ ವಿಸ್ತಾರವಾಗಿ ನಿರೂಪಿತವಾಗಿವೆ. ಆದುದರಿಂದ ಪ್ರಜೆಗಳ ಮೇಲೆ ರಾಜ್ಯವು ಕಣ್ಣಿಡುವುದು ನೂತನ ವಿಷಯವಲ್ಲ. ನೋಡುವ ಉಪಕರಣ ಮಾತ್ರ ಹೊಸದು. ನೋಡಲ್ಪಡುವವನೂ ಈಗ ಕೇವಲ ಪ್ರಜೆಯಾಗಿ ಉಳಿಯದೆ ಸಂವಿಧಾನದತ್ತವಾದ ಹಕ್ಕುಗಳುಳ್ಳ ನಾಗರಿಕನಾಗಿದ್ದಾನೆ. ಈ ಎರಡು ಬದಲಾವಣೆಗಳಿಗೆ ತಕ್ಕಂತೆ ಭಾರತದ ಶಾಸನವು ಎಷ್ಟರಮಟ್ಟಿಗೆ ಬೆಳೆದಿದೆಯೆಂಬುದು ವಿಚಾರಾರ್ಹವಾದ ಪ್ರಶ್ನೆ.

ಮೊದಲು ಉಪಕರಣದ ಸ್ವರೂಪವನ್ನು ತಿಳಿಯುವುದು ಉಚಿತ. ಅಂತರಜಾಲದಲ್ಲಿ ಸಾಗುವ ಸಂದೇಶವನ್ನು ಅಂಚೆಯ ಲಕೋಟೆಗೆ ಹೋಲಿಸಬಹುದು. ಒಳಗಿನ ಕಾಗದವನ್ನು ಇಂದು ಬಹುಮಟ್ಟಿಗೆ ಗೂಢಲಿಪಿಯಲ್ಲಿ ಬರೆದು ಕಳುಹಿಸಲಾಗುತ್ತದೆ. ಮಧ್ಯದಲ್ಲಿರುವವರು ಅದನ್ನು ಸುಲಭವಾಗಿ ಓದಲಾರರು. ಆದರೆ ಲಕೋಟೆಯ ಮೇಲಿನ ವಿಳಾಸ, ಕಳುಹಿಸಿದ ವೇಳೆ, ಸಂದೇಶದ ಗಾತ್ರ—ಇವು ಸಂಪರ್ಕ ಒದಗಿಸುವ ಸಂಸ್ಥೆಗೆ ಗೋಚರಿಸುತ್ತವೆ. ಇಂತಹ ದಾಖಲೆಗಳನ್ನು ಕನಿಷ್ಠ 2 ವರ್ಷ ಕಾಪಾಡಬೇಕೆಂದು 2021ರ ಡಿಸೆಂಬರಿನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯು ಪರವಾನಗಿಯ ನಿಬಂಧನೆಗಳನ್ನು ತಿದ್ದಿತು. ಒಬ್ಬನು ಯಾವ ವ್ಯಾಧಿಯ ಚಿಕಿತ್ಸಾಲಯದ ತಾಣವನ್ನು ಹುಡುಕಿದನು, ಯಾವ ಪತ್ರಿಕೆಯನ್ನು ಓದಿದನು, ಹೊರನಾಡಿನಿಂದ ಊರಿನ ಮನೆಗೆ ಎಷ್ಟು ಹೊತ್ತಿಗೆ ಕರೆ ಮಾಡಿದನು ಎಂಬುವನ್ನು ಜೋಡಿಸಿದರೆ, ಕಾಗದವನ್ನು ಓದದೆಯೇ ಅವನ ಜೀವನಕ್ರಮವನ್ನು ಊಹಿಸಬಹುದು. ಹಿಂದಿನ ಚಾರನು ಒಬ್ಬನನ್ನು ಹಿಂಬಾಲಿಸಬೇಕಾದರೆ ದಿನವೆಲ್ಲ ನಡೆಯಬೇಕಾಗಿತ್ತು; ಆ ಶ್ರಮವೇ ಅವನ ಕಾರ್ಯಕ್ಕೆ ಒಂದು ಮಿತಿಯಾಗಿತ್ತು. ಆ ಮಿತಿ ಈಗ ಇಲ್ಲವಾದುದರಿಂದ, ಅದರ ಸ್ಥಾನದಲ್ಲಿ ಶಾಸನವೇ ನಿಲ್ಲಬೇಕಾಗಿದೆ.

ಶಾಸನದ ಮೂಲವು 1885ರ ಟೆಲಿಗ್ರಾಫ್ ಕಾಯಿದೆಯಲ್ಲಿದೆ. ಅದರ 5ನೆಯ ಪ್ರಕರಣವು ಸಾರ್ವಜನಿಕ ತುರ್ತುಪರಿಸ್ಥಿತಿ ಅಥವಾ ಸಾರ್ವಜನಿಕ ಸುರಕ್ಷತೆಯ ಸಂದರ್ಭದಲ್ಲಿ ಸಂದೇಶಗಳನ್ನು ನಡುವೆಯೇ ತಡೆದು ನೋಡುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. 1962ರಲ್ಲಿ ಖರಕ್ ಸಿಂಗ್ ಮೊಕದ್ದಮೆಯ ತೀರ್ಪನ್ನಿತ್ತ ಸರ್ವೋಚ್ಚ ನ್ಯಾಯಾಲಯವು, ಪೊಲೀಸರು ರಾತ್ರಿ ಮನೆಗೆ ಹೋಗಿ ಎಬ್ಬಿಸುವ ಪದ್ಧತಿಯನ್ನು ರದ್ದುಪಡಿಸಿತಾದರೂ, ಖಾಸಗಿತನವು ಸಂವಿಧಾನದತ್ತ ಹಕ್ಕಲ್ಲವೆಂದು ಬಹುಮತದಿಂದ ಹೇಳಿತು. ನ್ಯಾಯಮೂರ್ತಿ ಸುಬ್ಬರಾವ್ ಅವರು ತಮ್ಮ ಭಿನ್ನಮತದಲ್ಲಿ ಅದು ವೈಯಕ್ತಿಕ ಸ್ವಾತಂತ್ರ್ಯದ ಅವಶ್ಯ ಅಂಗವೆಂದರು.

ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆಪಾದನೆಗಳ ನಡುವೆ ರಾಮಕೃಷ್ಣ ಹೆಗಡೆಯವರು ಕರ್ನಾಟಕದ ಮುಖ್ಯಮಂತ್ರಿ ಪದವಿಯನ್ನು ತ್ಯಜಿಸಿದರು. ರಾಜಕಾರಣಿಗಳ ದೂರವಾಣಿಗಳನ್ನು ಆಲಿಸಿದ ಪ್ರಸಂಗದಿಂದಲೇ ಹುಟ್ಟಿದ ಮತ್ತೊಂದು ಮೊಕದ್ದಮೆಯಲ್ಲಿ, 1996ರ ಡಿಸೆಂಬರ್ 18ರಂದು, ಸರ್ವೋಚ್ಚ ನ್ಯಾಯಾಲಯವು ಕೆಲವು ಕಟ್ಟಳೆಗಳನ್ನು ವಿಧಿಸಿತು: ಆಜ್ಞೆಯನ್ನು ಸಾಮಾನ್ಯವಾಗಿ ಗೃಹ ಕಾರ್ಯದರ್ಶಿಯೇ ಹೊರಡಿಸಬೇಕು, ಅದಕ್ಕೆ ಕಾಲಾವಧಿ ಇರಬೇಕು, ಒಂದು ಸಮಿತಿಯು ಅದನ್ನು ಪುನರ್ವಿಮರ್ಶಿಸಬೇಕು.

ಅಂತರಜಾಲಕ್ಕೆ ಅನ್ವಯಿಸುವ ಮುಖ್ಯ ಶಾಸನವು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 69ನೆಯ ಪ್ರಕರಣ. 2008ರ ತಿದ್ದುಪಡಿಯಿಂದ ಅದು ಈಗಿನ ರೂಪವನ್ನು ತಾಳಿತು. ಟೆಲಿಗ್ರಾಫ್ ಕಾಯಿದೆಯೊಡನೆ ಹೋಲಿಸಿದರೆ ಒಂದು ಮಹತ್ತ್ವದ ವ್ಯತ್ಯಾಸ ಕಂಡುಬರುತ್ತದೆ. ‘ಸಾರ್ವಜನಿಕ ತುರ್ತುಪರಿಸ್ಥಿತಿ ಅಥವಾ ಸುರಕ್ಷತೆ’ ಎಂಬ ಪೂರ್ವನಿಬಂಧನೆ ಇಲ್ಲಿಲ್ಲ. ಪ್ರತಿಯಾಗಿ, ಯಾವುದೇ ಅಪರಾಧದ ತನಿಖೆಗೂ ಈ ಅಧಿಕಾರವನ್ನು ಬಳಸಬಹುದು. ನೆರವು ನೀಡಲು ನಿರಾಕರಿಸಿದವರಿಗೆ 7 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. 2018ರ ಡಿಸೆಂಬರ್ 20ರಂದು ಕೇಂದ್ರ ಗೃಹ ಮಂತ್ರಾಲಯವು ಗುಪ್ತಚರ ವಿಭಾಗ, ನೇರ ತೆರಿಗೆಗಳ ಕೇಂದ್ರ ಮಂಡಳಿ, ದೆಹಲಿಯ ಪೊಲೀಸ್ ಕಮಿಷನರ್ ಮೊದಲ್ಗೊಂಡು 10 ಸಂಸ್ಥೆಗಳನ್ನು ಈ ಕಾರ್ಯಕ್ಕೆ ಅಧಿಕೃತಗೊಳಿಸಿತು.

ಇದಕ್ಕೆ ಮುಂಚೆಯೇ, 2017ರ ಆಗಸ್ಟ್ 24ರಂದು, ಒಂದು ಐತಿಹಾಸಿಕ ನಿರ್ಣಯವಾಗಿತ್ತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯ ವಿರುದ್ಧ ಸಲ್ಲಿಸಿದ ಅರ್ಜಿಯಿಂದ ಆರಂಭವಾದ ವಿವಾದದಲ್ಲಿ, ಸರ್ವೋಚ್ಚ ನ್ಯಾಯಾಲಯದ 9 ಮಂದಿ ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿದರು. ಸುಬ್ಬರಾವ್ ಅವರ ಭಿನ್ನಮತವು 55 ವರ್ಷಗಳ ತರುವಾಯ ಸಿದ್ಧಾಂತವಾಯಿತು. ಈ ಹಕ್ಕನ್ನು ರಾಜ್ಯವು ಮೊಟಕುಗೊಳಿಸಬೇಕಾದರೆ ಅದಕ್ಕೆ ಶಾಸನದ ಆಧಾರವಿರಬೇಕು, ಉದ್ದೇಶವು ನ್ಯಾಯಸಮ್ಮತವಾಗಿರಬೇಕು, ಉಪಾಯವು ಉದ್ದೇಶಕ್ಕೆ ಅನುಪಾತವಾಗಿರಬೇಕು.

ಹಕ್ಕು ಸ್ಥಾಪಿತವಾಯಿತು, ಅದನ್ನು ಕಾಯುವವರಾರು? ಆಜ್ಞೆ ಹೊರಡಿಸುವವನು ಗೃಹ ಕಾರ್ಯದರ್ಶಿ. ಅದನ್ನು ಪುನರ್ವಿಮರ್ಶಿಸುವ ಕೇಂದ್ರ ಸಮಿತಿಯಲ್ಲಿ ಇರುವವರು ಸಂಪುಟ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ ಮತ್ತು ದೂರಸಂಪರ್ಕ ಕಾರ್ಯದರ್ಶಿ. ನ್ಯಾಯಾಧೀಶನಾಗಲಿ ಸಂಸತ್ಸದಸ್ಯನಾಗಲಿ ಅಲ್ಲಿಲ್ಲ. 2024ರ ಡಿಸೆಂಬರಿನ ಹೊಸ ದೂರಸಂಪರ್ಕ ನಿಯಮಗಳೂ ಈ ರಚನೆಯನ್ನು ಬದಲಿಸಲಿಲ್ಲ. ಎರಡು ತಿಂಗಳಿಗೊಮ್ಮೆ ಸೇರುವ ಈ ಸಮಿತಿಯು ಪ್ರತಿ ಸಭೆಯಲ್ಲಿ 15,000ದಿಂದ 18,000 ಆಜ್ಞೆಗಳನ್ನು ಪರಿಶೀಲಿಸಬೇಕಾಗುವುದೆಂದು ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಅವರ ಅಧ್ಯಕ್ಷತೆಯ ಸಮಿತಿಯು 2018ರ ವರದಿಯಲ್ಲಿ ಎತ್ತಿ ತೋರಿಸಿ, ಇದು ವಾಸ್ತವಕ್ಕೆ ಮೀರಿದ ಕೆಲಸವೆಂದು ಅಭಿಪ್ರಾಯಪಟ್ಟಿತು. ಅಷ್ಟು ಆಜ್ಞೆಗಳನ್ನು ಎಣಿಸಬಹುದೇ ಹೊರತು ವಿಮರ್ಶಿಸಲಾಗದು.

ಇದಕ್ಕಿಂತಲೂ ಗುರುತರವಾದ ಕೊರತೆ ಇನ್ನೊಂದಿದೆ. ವೀಕ್ಷಣೆಗೆ ಗುರಿಯಾದವನಿಗೆ, ಅದು ಮುಗಿದ ಮೇಲೂ, ಆ ಸಂಗತಿಯನ್ನು ತಿಳಿಸಬೇಕೆಂಬ ವಿಧಿ ನಮ್ಮಲ್ಲಿಲ್ಲ. ಮುಂಬಯಿ ಉಚ್ಚ ನ್ಯಾಯಾಲಯವು 2019ರ ಅಕ್ಟೋಬರಿನಲ್ಲಿ ಉದ್ಯಮಿಯೊಬ್ಬರ ದೂರವಾಣಿಯನ್ನು ಆಲಿಸಲು ಹೊರಡಿಸಿದ್ದ 3 ಆಜ್ಞೆಗಳನ್ನು ರದ್ದುಗೊಳಿಸಿ, ಸಂಗ್ರಹಿಸಿದ ಧ್ವನಿಮುದ್ರಿಕೆಗಳನ್ನು ನಾಶಪಡಿಸಲು ಆದೇಶಿಸಿತು. ಅವರ ಮೇಲೆ ಲಂಚದ ಮೊಕದ್ದಮೆ ಹೂಡಲ್ಪಟ್ಟು ಆ ಸಂಭಾಷಣೆಗಳನ್ನು ಸಾಕ್ಷ್ಯವಾಗಿ ಬಳಸಹೊರಟುದರಿಂದಲೇ ಅವುಗಳನ್ನು ಪ್ರಶ್ನಿಸಲು ಅವರಿಗೆ ಅವಕಾಶವಾಯಿತು. ಆರೋಪಕ್ಕೇ ಒಳಗಾಗದ ನಿರಪರಾಧಿಗೆ ಆ ದಾರಿಯೂ ಇಲ್ಲ. ಮೇಲಾಗಿ ಅವರು ಗೆದ್ದುದಕ್ಕೆ ಮುಖ್ಯ ಆಧಾರವು ಸಾರ್ವಜನಿಕ ತುರ್ತು ಅಥವಾ ಸುರಕ್ಷತೆಯ ಕಾರಣವಿರಲಿಲ್ಲವೆಂಬುದು. 69ನೆಯ ಪ್ರಕರಣದಲ್ಲಿ ಇಲ್ಲದಿರುವುದು ಆ ನಿಬಂಧನೆಯೇ.

ಭಯೋತ್ಪಾದನೆ, ಮಾದಕವಸ್ತುಗಳ ಸಾಗಾಟ, ಗೂಢಚರ್ಯೆ ಇವುಗಳನ್ನು ಎದುರಿಸುವ ರಾಜ್ಯಕ್ಕೆ ರಹಸ್ಯ ವೀಕ್ಷಣೆಯ ಅಧಿಕಾರ ಅವಶ್ಯವೆಂಬುದು ನಿರ್ವಿವಾದ. ಮುಂಚಿತವಾಗಿ ತಿಳಿಸಿದರೆ ವೀಕ್ಷಣೆಯ ಉದ್ದೇಶವೇ ಕೆಡುತ್ತದೆಂಬುದೂ ಸತ್ಯ. ಆದರೆ ಈ ತೊಡಕಿಗೆ ಪರಿಹಾರವಿದೆ. ಜರ್ಮನಿಯ ಶಾಸನದಂತೆ ವೀಕ್ಷಣೆ ಮುಗಿದು, ತಿಳಿಸುವುದರಿಂದ ಕಾರ್ಯಹಾನಿಯಿಲ್ಲವೆಂದಾದ ಮೇಲೆ, ಗುರಿಯಾದವನಿಗೆ ತಿಳಿಸುವುದು ನಿಯಮ. ಇಂತಹ ವಿಧಿಯೊಂದು, ಮತ್ತು ಆಜ್ಞೆಗಳನ್ನು ಪರಿಶೀಲಿಸುವಲ್ಲಿ ಒಬ್ಬ ನ್ಯಾಯಾಧೀಶನ ಉಪಸ್ಥಿತಿ—ಇವೆರಡು ನಮ್ಮಲ್ಲಿ ಏರ್ಪಟ್ಟರೆ ರಾಜ್ಯದ ಸುರಕ್ಷತೆಗೆ ಧಕ್ಕೆ ಬರಲಾರದು. ಅವು ಏರ್ಪಡುವವರೆಗೆ 2017ರಲ್ಲಿ ದೊರೆತ ಹಕ್ಕು ಅರ್ಧಸಿದ್ಧ ಮಾತ್ರ. ಭಂಗವಾಯಿತೆಂಬುದನ್ನೇ ಅರಿಯದವನು ಅದನ್ನು ನ್ಯಾಯಾಲಯದಲ್ಲಿ ಕೇಳಿ ಪಡೆಯಲಾರನು.