ಹಿಂಡಿನ ಯಜಮಾನ ಬದಲಾದರೆ ಹಾರ್ಮೋನೂ ಬದಲಾಗುತ್ತೆ!

ನಾಗಪುರದಲ್ಲಿರೋ ನಮ್ಮ ಕನ್ನಡದವರಿಗೆ ರಾಮಟೇಕ್ ಗುಡ್ಡ ಗೊತ್ತೇ ಇರುತ್ತೆ. ದೇವಸ್ಥಾನದ ಹತ್ತಿರ ಕಪ್ಪು ಮುಖ, ಉದ್ದ ಬಾಲದ ಮುಸುವಗಳ ಹಿಂಡು ಇರುತ್ತೆ. ಕೈಯಲ್ಲಿದ್ದ ಬಾಳೆಹಣ್ಣು ಕಿತ್ತುಕೊಂಡರೆ ಜನ ಹೇಳೋದು ಒಂದೇ ಮಾತು: "ಆ ದೊಡ್ಡ ಗಂಡನ್ನ ಹಿಡಿದು ಎಲ್ಲಾದರೂ ಬಿಟ್ಟುಬಿಡಿ." ಹಾಗೆ ಮಾಡಿದರೆ ಏನಾಗುತ್ತೆ? ಇದಕ್ಕೆ ಉತ್ತರ ನಮ್ಮ ಧಾರವಾಡದಲ್ಲಿ ಸಿಕ್ಕಿದೆ.

1960ರ ದಶಕದಲ್ಲಿ ಯುಕಿಮಾರು ಸುಗಿಯಾಮಾ ಎಂಬ ಜಪಾನಿ ವಿಜ್ಞಾನಿ ಧಾರವಾಡದ ಸುತ್ತ ಮುಸುವಗಳನ್ನು ಅಧ್ಯಯನ ಮಾಡಿದರು. ಅಲ್ಲಿ ಹಲವು ಹಿಂಡುಗಳಿಗೆ ಒಂದೇ ಗಂಡು ಯಜಮಾನ. ಒಂದು ಹಿಂಡಿನಿಂದ ಅವರು ಆ ಗಂಡನ್ನು ತೆಗೆದು ನೋಡಿದರು. ಹೊರಗಿನ ಗಂಡು ಬಂದು ಹಿಂಡು ವಶಪಡಿಸಿಕೊಂಡಿತು, ಮರಿಗಳನ್ನು ಕಚ್ಚಿ ಕೊಂದಿತು.

ಆಗ ಅಲ್ಲಿ ಹಾರ್ಮೋನ್ ಅಳೆದಿರಲಿಲ್ಲ. ಈಗ ಪ್ರಾಣಿಯನ್ನು ಹಿಡಿಯದೇ, ಅದರ ಹಿಕ್ಕೆಯಿಂದಲೇ ಅಳೆಯಬಹುದು. ಒತ್ತಡ ಬಂದಾಗ ಮಿದುಳಿನ ಸೂಚನೆಯಂತೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಸುರಿಸುತ್ತೆ. ಓಡೋಕೆ, ಹೋರಾಡೋಕೆ ಶಕ್ತಿ ಸಿಗುತ್ತೆ. ಸ್ವಲ್ಪ ಹೊತ್ತಿಗೆ ಇದು ಒಳ್ಳೆಯದೇ. ದಿನಗಟ್ಟಲೆ ಇಳಿಯದಿದ್ದರೆ ಸಂತಾನಶಕ್ತಿ, ರೋಗನಿರೋಧಕ ಶಕ್ತಿ ಎರಡಕ್ಕೂ ಪೆಟ್ಟು.

ಮೊದಲು ಗಂಡಿನ ಕಥೆ ನೋಡೋಣ. ರೀಸಸ್ ಮಂಗಗಳಲ್ಲಿ ಜಗಳದಲ್ಲಿ ಸೋತ ಗಂಡಿನ ಟೆಸ್ಟೋಸ್ಟೆರಾನ್ ಕುಸಿಯುತ್ತೆ. ಹಾಗಾದರೆ ಯಜಮಾನ ಯಾವಾಗಲೂ ಆರಾಮವಾಗಿ ಇರ್ತಾನಾ? ಇಲ್ಲ. 1978ರಿಂದ ಕೆನ್ಯಾದ ಬಬೂನ್‌ಗಳನ್ನು ನೋಡಿದ ರಾಬರ್ಟ್ ಸಪೋಲ್ಸ್ಕಿ ಕಂಡಿದ್ದು ಇದು: ಸ್ಥಾನಮಾನ ಸ್ಥಿರವಾಗಿದ್ದಾಗ ಕೆಳಗಿನ ಗಂಡುಗಳಲ್ಲಿ ಕಾರ್ಟಿಸಾಲ್ ಹೆಚ್ಚು. ಕುರ್ಚಿ ಅಲುಗಾಡೋಕೆ ಶುರುವಾದರೆ ಮೇಲಿನವರಿಗೂ ಆ ನೆಮ್ಮದಿ ಉಳಿಯಲ್ಲ.

ಇನ್ನು ಹೆಣ್ಣು. ಬೋಟ್ಸ್ವಾನಾದ ಬಬೂನ್‌ಗಳಲ್ಲಿ ಹೊಸ ಗಂಡು ಬಂದಾಗ ಹಾಲುಣಿಸುವ ತಾಯಂದಿರ ಒತ್ತಡದ ಹಾರ್ಮೋನ್ ಏರಿತು. ಮರಿಯಿಲ್ಲದೆ ಋತುಚಕ್ರದಲ್ಲಿದ್ದ ಹೆಣ್ಣುಗಳಲ್ಲಿ ಅಷ್ಟು ಏರಲಿಲ್ಲ. ಅಂದರೆ ಗಂಡಿನ ಭಯ ಸ್ಥಾನದ್ದು, ತಾಯಿಯ ಭಯ ಮರಿಯದ್ದು. ಇಥಿಯೋಪಿಯಾದ ಗೆಲಾಡಾ ಮಂಗಗಳಲ್ಲಿ ಯಜಮಾನ ಬದಲಾದ ಕೆಲವೇ ವಾರಗಳಲ್ಲಿ ಸುಮಾರು 80% ಗರ್ಭಗಳು ನಿಂತುಹೋದವು ಎಂದು 2012ರ ಅಧ್ಯಯನ ಹೇಳುತ್ತೆ.

ಮರಿ ಸತ್ತ ಮೇಲೆ ಮತ್ತೊಂದು ಬದಲಾವಣೆ. ಹಾಲುಣಿಸುವುದು ನಿಂತರೆ ಪ್ರೊಲ್ಯಾಕ್ಟಿನ್ ಇಳಿದು, ಹೆಣ್ಣು ಬೇಗ ಬೆದೆಗೆ ಬರುತ್ತೆ. ಹೊಸ ಗಂಡಿಗೆ ಬೇಕಾಗಿರೋದೂ ಅದೇ.

ಈಗ ಹೇಳಿ, ಒಂದು ದೊಡ್ಡ ಗಂಡನ್ನು ಹಿಡಿದುಕೊಂಡು ಹೋದರೆ ಸಮಸ್ಯೆ ಮುಗಿಯಿತಾ? ಜಾಗ ಖಾಲಿಯಾಯಿತು, ಅಷ್ಟೇ. ಇನ್ನೊಂದು ಗಂಡು ಬರುತ್ತೆ, ಮರಿಗಳಿಗೆ ಆಪತ್ತು ಬರುತ್ತೆ, ಬಾಳೆಹಣ್ಣಿನ ಆಸೆಯಂತೂ ಹೋಗಲ್ಲ. ಮುಸುವಗಳನ್ನು ನಮ್ಮ ಹತ್ತಿರ ಎಳೆದು ತಂದಿದ್ದು ನಾವು ಕೊಡೋ ತಿಂಡಿ, ತೆರೆದಿಟ್ಟ ಕಸ. ಕೈ ಹಾಕೋದಾದರೆ ಮೊದಲು ಅಲ್ಲಿಗೆ ಹಾಕೋಣ.