ಹುಳಿ, ಕ್ಷಾರ, ಹದ: ದಿಂಡಿಗಲ್ಲಿನ ಬಾವಿಗಳು ಕಲಿಸುವ ಪದವಿವೇಕ

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದಿರುವ ಕಪ್ಪಿಲಿಯರ್ ಸಮುದಾಯವಿದೆ. ಅಲ್ಲಿನ ಮಕ್ಕಳು ವಿಜ್ಞಾನವನ್ನು ಓದುವುದು ತಮಿಳಿನಲ್ಲಿ. ಮನೆಯ ನುಡಿ ಒಂದು, ಪಾಠದ ನುಡಿ ಇನ್ನೊಂದು ಆದಾಗ ಪಾರಿಭಾಷಿಕ ಪದಗಳು ಎಷ್ಟು ಎಚ್ಚರವನ್ನು ಬೇಡುತ್ತವೆ ಎಂಬುದಕ್ಕೆ ಆಮ್ಲ ಮತ್ತು ಕ್ಷಾರಗಳ ಪಾಠ ಒಳ್ಳೆಯ ನಿದರ್ಶನ.

ಮೊದಲು ಹುಳಿಯನ್ನು ನೋಡಬಹುದು. ಹಳಗನ್ನಡದ ಪಕಾರ ಹಕಾರವಾದ ನಿಯಮಕ್ಕೆ ಅನುಸಾರವಾಗಿ ತಮಿಳಿನ ‘ಪುಳಿ’ ಕನ್ನಡದಲ್ಲಿ ‘ಹುಳಿ’. ಹುಣಸೆಗೂ ಕಂಬಂ ಕಣಿವೆಯ ಪನ್ನೀರ್ ದ್ರಾಕ್ಷಿಗೂ ಹುಳಿಯನ್ನು ಕೊಡುವುದು ಮುಖ್ಯವಾಗಿ ಒಂದೇ ವಸ್ತು, ಟಾರ್ಟಾರಿಕ್ ಆಮ್ಲ. 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ದ್ರಾಕ್ಷಿಯ ರುಚಿಯಲ್ಲಿ ಸಿಹಿಯಷ್ಟೇ ಪಾಲು ಹುಳಿಗೂ ಇದೆ. ನಾಲಗೆ ಹುಳಿಯೆಂದು ಗುರುತಿಸುವುದನ್ನೇ ರಸಾಯನಶಾಸ್ತ್ರ ಹೈಡ್ರೋಜನ್ ಅಯಾನು ಎನ್ನುತ್ತದೆ. ಈ ಅಯಾನನ್ನು ಕೊಡುವುದು ಆಮ್ಲ, ಅದನ್ನು ತೆಗೆದುಕೊಳ್ಳುವುದು ಪ್ರತ್ಯಾಮ್ಲ. ಈ ವ್ಯಾಖ್ಯೆಯನ್ನು 1923ರಲ್ಲಿ ಬ್ರಾನ್‌ಸ್ಟೆಡ್ ಮತ್ತು ಲೌರಿ ಪ್ರತ್ಯೇಕವಾಗಿ ಮಂಡಿಸಿದರು. ಕೊಡುವವನಿಲ್ಲದೆ ಕೊಳ್ಳುವವನಿಲ್ಲ ಎಂಬ ಲೋಕನ್ಯಾಯವೇ ಇಲ್ಲಿಯೂ ನಡೆಯುತ್ತದೆ.

ಕೊಡುಕೊಳ್ಳುವಿಕೆಯ ಪ್ರಮಾಣವನ್ನು ಅಳೆಯಲು 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ಪಿಎಚ್ ಮಾನವನ್ನು ರೂಪಿಸಿದನು. ಶುದ್ಧ ಜಲಕ್ಕೆ 7. ಅದಕ್ಕಿಂತ ಕಡಿಮೆಯಾದರೆ ಆಮ್ಲೀಯ, ಹೆಚ್ಚಾದರೆ ಕ್ಷಾರೀಯ. ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ವ್ಯತ್ಯಾಸ. ಆದುದರಿಂದ 4ರಲ್ಲಿರುವ ನೀರು 7ರಲ್ಲಿರುವ ನೀರಿಗಿಂತ ಸಾವಿರ ಪಟ್ಟು ಆಮ್ಲೀಯ.

ಇನ್ನು ಕ್ಷಾರ. ಸಂಸ್ಕೃತದ ಈ ಪದ ಪ್ರಾಕೃತದಲ್ಲಿ ‘ಖಾರ’ವಾಗಿ, ಕನ್ನಡದ ಅಡುಗೆಮನೆಯಲ್ಲಿ ಮೆಣಸಿನಕಾಯಿಯ ರುಚಿಯಾಯಿತು. ತಮಿಳಿನ ‘ಕಾರಂ’ ಆಡುಮಾತಿನಲ್ಲಿ ಮೆಣಸಿನ ರುಚಿ; ಪಠ್ಯದಲ್ಲಿ ಅದೇ ಪ್ರತ್ಯಾಮ್ಲ. ಮರಾಠಿಯಲ್ಲಿ ‘ಖಾರಟ್’ ಎಂದರೆ ಉಪ್ಪುಪ್ಪು; ಅಲ್ಲಿನ ವಿಜ್ಞಾನ ಪಠ್ಯದಲ್ಲಿ ಪ್ರತ್ಯಾಮ್ಲಕ್ಕೆ ‘ಆಮ್ಲಾರಿ’, ಲವಣಕ್ಕೆ ‘ಕ್ಷಾರ’. ಕನ್ನಡ ಪಠ್ಯದಲ್ಲಾದರೋ ಕ್ಷಾರವೆಂದರೆ ನೀರಿನಲ್ಲಿ ಕರಗುವ ಪ್ರತ್ಯಾಮ್ಲ, ಉಪ್ಪಿನ ಜಾತಿಯೆಲ್ಲ ಲವಣ. ಒಂದೇ ಪದ ಗಡಿ ದಾಟಿದೊಡನೆ ಆಮ್ಲದ ಎದುರಾಳಿಯೂ ಆಗಬಹುದು, ಆಮ್ಲ ಮತ್ತು ಪ್ರತ್ಯಾಮ್ಲಗಳ ಸಂಧಿಯಿಂದ ಹುಟ್ಟಿದ ಶಿಶುವೂ ಆಗಬಹುದು.

ಇದು ಬರಿಯ ನಿಘಂಟಿನ ಕುತೂಹಲವಲ್ಲ. ದಿಂಡಿಗಲ್ ಚರ್ಮ ಹದ ಮಾಡುವ ಕಸುಬಿಗೆ ಹೆಸರಾದ ಊರು. ಹಸಿ ತೊಗಲು ಕೊಳೆಯದಂತೆ ಅದಕ್ಕೆ ಉಪ್ಪು ಸವರುತ್ತಾರೆ. ಕೂದಲು ಕಳಚಲು ಸುಣ್ಣದ ತೊಟ್ಟಿಯಲ್ಲಿ ನೆನೆಸುತ್ತಾರೆ. ಅಲ್ಲಿ ಪಿಎಚ್ 12ರ ಆಚೆಗಿರುತ್ತದೆ. ಹಳೆಯ ಪದ್ಧತಿಯಲ್ಲಿ ಆವರಿಕೆಯ ತೊಗಟೆಯ ಒಗರು ಚರ್ಮವನ್ನು ಹದಕ್ಕೆ ತರುತ್ತಿತ್ತು. ಕ್ರೋಮ್ ಪದ್ಧತಿಯಲ್ಲಿ ಉಪ್ಪು ಮತ್ತು ಗಂಧಕಾಮ್ಲಗಳನ್ನು ಸೇರಿಸಿ ಪಿಎಚ್ಚನ್ನು ಸುಮಾರು 3ಕ್ಕೆ ಇಳಿಸಿ, ಬಳಿಕ ಕ್ರೋಮಿಯಂ ಲವಣವನ್ನು ಉಣಿಸುತ್ತಾರೆ. ಒಂದೇ ಕಾರ್ಖಾನೆಯ ಮೋರಿಯಲ್ಲಿ ಹೀಗೆ ತೀವ್ರ ಕ್ಷಾರವೂ ತೀವ್ರ ಆಮ್ಲವೂ ಹರಿಯುತ್ತವೆ. ಎರಡನ್ನೂ ಬೆರೆಸಿದರೆ ಪಿಎಚ್ 7ರ ಹತ್ತಿರ ಬರಬಹುದು. ಆದರೆ ಆಮ್ಲ ಮತ್ತು ಪ್ರತ್ಯಾಮ್ಲ ಕೂಡಿದರೆ ಹುಟ್ಟುವುದು ನೀರು ಮತ್ತು ಲವಣ. ಅದರ ಜೊತೆಗೆ ತೊಗಲಿಗೆ ಸವರಿದ ಅಡುಗೆ ಉಪ್ಪು ಕರಗಿದಂತೆಯೇ ಇರುತ್ತದೆ. ತಟಸ್ಥವಾದ ನೀರು ನಿರಪಾಯಕರವಾದ ನೀರಲ್ಲ.

ಬಾವಿಯ ನೀರಿನಲ್ಲಿ ಬಫರ್ ಎಂಬ ಇನ್ನೊಂದು ವ್ಯವಸ್ಥೆಯಿದೆ. ದುರ್ಬಲ ಆಮ್ಲವೂ ಅದರ ಲವಣವೂ ಒಟ್ಟಿಗಿದ್ದರೆ, ಹೊರಗಿನಿಂದ ಬಿದ್ದ ಆಮ್ಲವನ್ನು ಲವಣದ ಭಾಗ ಹೀರಿಕೊಳ್ಳುತ್ತದೆ, ಬಿದ್ದ ಕ್ಷಾರವನ್ನು ಆಮ್ಲದ ಭಾಗ ಎದುರುಗೊಳ್ಳುತ್ತದೆ. ಪಿಎಚ್ ಹೆಚ್ಚು ಕದಲುವುದಿಲ್ಲ. ಮಾನವ ರಕ್ತ 7.35ರಿಂದ 7.45ರೊಳಗೆ ನಿಲ್ಲುವುದರಲ್ಲಿ ಕಾರ್ಬಾನಿಕ್ ಆಮ್ಲ ಮತ್ತು ಬೈಕಾರ್ಬೊನೇಟುಗಳ ಜೋಡಿಗೆ ದೊಡ್ಡ ಪಾಲಿದೆ. ಅದೇ ಜೋಡಿ ಬಾವಿಯ ನೀರಿನಲ್ಲಿಯೂ ಇದೆ. ತಮಿಳಿನಲ್ಲಿ ಇದನ್ನು ‘ತಾಂಗಲ್ ಕರೈಸಲ್’, ಅಂದರೆ ತಾಳಿಕೊಳ್ಳುವ ದ್ರಾವಣ ಎನ್ನುತ್ತಾರೆ. ಹೆಸರು ಸೊಗಸಾಗಿದೆ, ಏಕೆಂದರೆ ತಾಳ್ಮೆಗೆ ಮಿತಿಯುಂಟೆಂಬುದನ್ನೂ ಅದು ಸೂಚಿಸುತ್ತದೆ. ಬೈಕಾರ್ಬೊನೇಟು ಮುಗಿಯುವವರೆಗೆ ಆಮ್ಲ ಬೀಳುತ್ತಿದ್ದರೂ ಪಿಎಚ್ ಬಹುಮಟ್ಟಿಗೆ ಸ್ಥಿರವಾಗಿರುತ್ತದೆ; ಮುಗಿದೊಡನೆ ಥಟ್ಟನೆ ಕುಸಿಯುತ್ತದೆ. ಅಷ್ಟರಲ್ಲಿ ಸೋಡಿಯಂ, ಕ್ಲೋರೈಡುಗಳು ಸದ್ದಿಲ್ಲದೆ ಏರಿರುತ್ತವೆ. ಪಿಎಚ್ ಒಂದನ್ನೇ ನೋಡಿದವರಿಗೆ ಬಾವಿ ಕೆಡುತ್ತಿರುವುದು ಕಾಣಿಸದು.

ದಿಂಡಿಗಲ್ಲಿನ ಬಾವಿಗಳು ಕೆಟ್ಟ ಸಂಗತಿ ನ್ಯಾಯಾಲಯದ ದಾಖಲೆಯಲ್ಲಿದೆ. ವೆಲ್ಲೂರು ನಾಗರಿಕರ ವೇದಿಕೆಯ ಅರ್ಜಿಯ ಮೇಲೆ 1996ರ ಆಗಸ್ಟ್ 28ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪು ಒಂದು ಸ್ವತಂತ್ರ ಸಮೀಕ್ಷೆಯನ್ನು ಉಲ್ಲೇಖಿಸುತ್ತದೆ. ಅದರಂತೆ ದಿಂಡಿಗಲ್ ಭಾಗದ 13 ಗ್ರಾಮಗಳಲ್ಲಿ ಕುಡಿಯಲು ಮತ್ತು ನೀರಾವರಿಗೆ ಬಳಸುತ್ತಿದ್ದ 467 ಬಾವಿಗಳಲ್ಲಿ 350 ಮಲಿನಗೊಂಡಿದ್ದವು. ದಿಂಡಿಗಲ್ ಸೇರಿ ಐದು ಜಿಲ್ಲೆಗಳ ಪ್ರತಿಯೊಂದು ಚರ್ಮ ಹದಗಾರಿಕೆ ಘಟಕಕ್ಕೂ 10,000 ರೂಪಾಯಿ ದಂಡ ವಿಧಿಸಿದ ಈ ತೀರ್ಪು, ಕೆಡಿಸಿದವನೇ ತೆರಬೇಕೆಂಬ ತತ್ತ್ವವನ್ನು ದೇಶದ ಕಾನೂನಿನ ಭಾಗವೆಂದು ಸಾರಿತು.

ಇಂತಹ ನೀರು ಹರಿದ ಹೊಲವನ್ನು ಕನ್ನಡದ ರೈತ ‘ಸವುಳು’ ಎಂದು ಕರೆಯುತ್ತಾನೆ. ಆ ಒಂದು ಮಾತಿನೊಳಗೆ ಎರಡು ರೋಗಗಳಿವೆ. ಕರಗುವ ಲವಣ ಹೆಚ್ಚಾದ ಮಣ್ಣು ಲವಣಯುಕ್ತ. ಬಸಿಗಾಲುವೆ ತೋಡಿ, ಒಳ್ಳೆಯ ನೀರು ಹಾಯಿಸಿ ಉಪ್ಪನ್ನು ತೊಳೆಯುವುದು ಅದಕ್ಕೆ ಮದ್ದು. ಸೋಡಿಯಂ ಮಣ್ಣಿನ ಕಣಗಳಿಗೇ ಅಂಟಿಕೊಂಡು ಪಿಎಚ್ 8.5ನ್ನು ಮೀರಿದರೆ ಅದು ಕ್ಷಾರ ಮಣ್ಣು. ಅಲ್ಲಿ ನೀರು ಇಂಗುವುದೇ ಇಲ್ಲ, ಮೊದಲು ಜಿಪ್ಸಂ ಹಾಕಿ ಸೋಡಿಯಮ್ಮನ್ನು ಬಿಡಿಸಬೇಕು. ಮರಾಠಿಯ ಕೃಷಿಪುಸ್ತಿಕೆಯ ‘ಕ್ಷಾರ’ವನ್ನು ಕನ್ನಡಕ್ಕೆ ಹಾಗೆಯೇ ಇಳಿಸಿದರೆ ಲವಣದ ಹೊಲಕ್ಕೆ ಜಿಪ್ಸಂ ಸುರಿದಂತಾದೀತು. ಹಣವೂ ಹೋದೀತು, ಹಂಗಾಮೂ ಹೋದೀತು.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಲ್ಲಿ ಅನೇಕರು ಮುಂದೆ ಅನುವಾದಕರೂ ಪತ್ರಕರ್ತರೂ ಆಗುವವರು. ಪದ ಪರಿಚಿತವಾಗಿದೆ ಎಂಬುದು ಅರ್ಥ ತಿಳಿದಿದೆ ಎಂಬುದಕ್ಕೆ ಪ್ರಮಾಣವಲ್ಲ. ಕ್ಷಾರ ಎಂಬ ಮಾತು ಎದುರಾದಾಗ ಅದು ಯಾವ ಭಾಷೆಯ, ಯಾವ ಶಾಸ್ತ್ರದ ಕ್ಷಾರವೆಂದು ಕೇಳಿಕೊಂಡು ಬರೆದರೆ, ಎಲ್ಲೋ ಒಬ್ಬ ರೈತನ ಹೊಲ ಉಳಿಯಬಹುದು.